ಮಲಬದ್ಧತೆಗೆ ಕುಡಿಯೋ ಸೋನಾಮುಖಿ ಎಲೆ ಹೆಂಡತಿಗೆ ಕೆಲಸ ಮಾಡುತ್ತೆ, ನನಗೆ ಮಾಡಲ್ಲ. ಕರುಳಿನ ಬ್ಯಾಕ್ಟೀರಿಯಾ ಕಾರಣಾನಾ? ಡೋಸ್ ಜಾಸ್ತಿ ಮಾಡ್ಲಾ?

ಡೋಸ್ ಜಾಸ್ತಿ ಮಾಡ್ಬೇಡಿ, ಮೊದಲು ಇದನ್ನ ಓದಿ. ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಕಾಲೇಜಲ್ಲಿ ಗಿಡಮೂಲಿಕೆ ಪಾಠ ಮಾಡೋನು.

ನಮ್ಮಮ್ಮ ವಾರಕ್ಕೊಂದು ಸಲ ರಾತ್ರಿ ಊಟ ಆದ್ಮೇಲೆ ಗ್ರಂಥಿಗೆ ಅಂಗಡಿಯಿಂದ ತಂದ ಸೋನಾಮುಖಿ ಎಲೆ ಬಿಸಿನೀರಲ್ಲಿ ನೆನೆಸಿ ಕುಡೀತಾರೆ, ಬೆಳಗ್ಗೆ ಕಾಫಿ ಹೊತ್ತಿಗೆ ಹೊಟ್ಟೆ ಹಗುರ. ಹೋದ ವರ್ಷ ಹಲ್ಲು ಕೀಳಿಸಿ ಐದು ದಿನ ಆಂಟಿಬಯಾಟಿಕ್ ತಗೊಂಡ್ರು ನೋಡಿ, ಆಗ ಎಲೆ ಕೆಲಸಾನೇ ಮಾಡ್ಲಿಲ್ಲ. ಅಂಗಡಿಯವನು ಹಳೇ ಸರಕು ಕೊಟ್ಟಿದಾನೆ ಅಂತ ಬೈಕೊಂಡು ಬೇರೆ ಪೊಟ್ಟಣ ತರಿಸಿದ್ರು, ಅದೂ ಅಷ್ಟೇ. ಎರಡು ವಾರ ಕಳೆದ್ಮೇಲೆ ಅದೇ ಹಳೇ ಪೊಟ್ಟಣದ ಎಲೆ ಮಾಮೂಲಿನಂಗೆ ಕೆಲಸ ಮಾಡ್ತು! ಪಾಪ ಅಂಗಡಿಯವನು ಸುಮ್ನೆ ಬೈಸ್ಕೊಂಡ.

ವಿಷಯ ಏನಂದ್ರೆ ಎಲೆಯಲ್ಲಿರೋ ಸೆನೊಸೈಡ್ ಅನ್ನೋದು ತಾನಾಗೇ ಬೇಧಿ ಮಾಡ್ಸಲ್ಲ. ಅದಕ್ಕೆ ಸಕ್ಕರೆ ಅಣುಗಳು ಅಂಟಿಕೊಂಡಿರುತ್ತೆ, ಅದನ್ನ ಬಿಡಿಸೋಕೆ ನಮ್ಮ ಜೀರ್ಣರಸಕ್ಕೆ ಆಗಲ್ಲ, ಹಾಗಾಗಿ ಸಣ್ಣ ಕರುಳಲ್ಲಿ ಹೀರಿಕೊಳ್ಳದೇನೇ ಹಾಗೇ ದಾಟಿ ದೊಡ್ಡ ಕರುಳಿಗೆ ಬರುತ್ತೆ, ಅಲ್ಲಿರೋ ಬ್ಯಾಕ್ಟೀರಿಯಾ ಆ ಸಕ್ಕರೆ ಕಿತ್ಕೊಂಡು ಉಳಿದಿದ್ದನ್ನ ಒಡೆದು ರೈನ್ ಆಂಥ್ರೋನ್ ಅಂತ ಮಾಡುತ್ತೆ, ಕರುಳನ್ನ ಕೆದಕೋದು ಅದು. ಬ್ಯಾಕ್ಟೀರಿಯಾನೇ ಇಲ್ಲದ ಹಾಗೆ ಬೆಳೆಸಿದ ಇಲಿಗಳಿಗೆ ಸೆನೊಸೈಡ್ ಕೊಟ್ರೆ ಬೇಧಿ ಆಗಲ್ಲ, ಇದನ್ನ ಪರೀಕ್ಷೆ ಮಾಡಿ ನೋಡಿದಾರೆ. ಅಂದ್ರೆ ಗಿಡ ಕೊಡೋದು ಅರ್ಧ ಔಷಧಿ, ಮಿಕ್ಕಿದ್ದು ನಿಮ್ಮ ಹೊಟ್ಟೇಲೇ ತಯಾರಾಗಬೇಕು, ಮತ್ತೆ ಆ ತಯಾರಿ ಒಬ್ಬೊಬ್ಬರ ಹೊಟ್ಟೇಲಿ ಒಂದೊಂದು ಥರ.

ಅತಿಮಧುರದ್ದೂ (ಜ್ಯೇಷ್ಠಮಧು) ಇದೇ ಕಥೆ, ಆದ್ರೆ ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅದರ ಗ್ಲೈಸಿರೈಜಿನ್ ಅನ್ನೋ ಸಿಹಿ ಪದಾರ್ಥದಿಂದಲೂ ಬ್ಯಾಕ್ಟೀರಿಯಾ ಸಕ್ಕರೆ ಭಾಗ ಕತ್ತರಿಸುತ್ತೆ, ಉಳಿಯೋ ಗ್ಲೈಸಿರೆಟಿನಿಕ್ ಆಸಿಡ್ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಕಾರ್ಟಿಸೋಲ್ ಅನ್ನೋ ಹಾರ್ಮೋನನ್ನ ಹತೋಟಿಯಲ್ಲಿಡೋ ಎನ್ಜೈಮ್‌ನ ತಡೆಯುತ್ತೆ. ಆಗ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತೆ, ಪೊಟ್ಯಾಸಿಯಂ ಇಳಿಯುತ್ತೆ, ಬಿಪಿ ಏರುತ್ತೆ. ನಮ್ಮ ಸೋದರಮಾವ ಗಂಟಲು ಕೆರೆತಕ್ಕೆ ಅಂತ ಎರಡು ತಿಂಗಳು ದಿನಾ ಅತಿಮಧುರದ ಕಡ್ಡಿ ಅಗೀತಿದ್ರು, ಬಿಪಿ ಮಾತ್ರೆ ನುಂಗಿದ್ರೂ ಬಿಪಿ ಇಳೀತಾನೇ ಇರ್ಲಿಲ್ಲ. ಡಾಕ್ಟರ್ ಕೇಳಿದಾಗ ಕಡ್ಡಿ ವಿಷಯ ಹೇಳೇ ಇಲ್ಲ, ಯಾಕೆ ಮಾವ ಅಂದ್ರೆ "ಅದೇನು ಔಷಧೀನೇನೋ, ಕಡ್ಡಿ ತಾನೆ" ಅಂತಾರೆ.

ಹಾಗಂತ ಎಲ್ಲದಕ್ಕೂ ಬ್ಯಾಕ್ಟೀರಿಯಾ ಕಡೆ ಬೆರಳು ತೋರ್ಸೋಕೂ ಆಗಲ್ಲ. ಅರಿಶಿನಕ್ಕೆ ಮೆಣಸು ಹಾಕಿದ್ರೆ ಒಳ್ಳೇದು ಅಂತಾರಲ್ಲ, ಅದರ ಹಿಂದೆ 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಮಾಡಿದ ಪ್ರಯೋಗ ಇದೆ, ಅರಿಶಿನದಲ್ಲಿರೋ ಕರ್ಕ್ಯುಮಿನ್ 2 ಗ್ರಾಂ ಜೊತೆ ಮೆಣಸಿನಲ್ಲಿರೋ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರೋದು ಸುಮಾರು 20 ಪಟ್ಟು ಆಯ್ತು. ಅಲ್ಲಿ ಮೆಣಸು ತಡೆಯೋದು ಮುಖ್ಯವಾಗಿ ಲಿವರ್ ಮತ್ತೆ ಕರುಳಿನ ಗೋಡೆ ಕರ್ಕ್ಯುಮಿನ್‌ನ ಬದಲಾಯ್ಸಿ ಹೊರಹಾಕೋ ಕೆಲಸಾನ, ಬ್ಯಾಕ್ಟೀರಿಯಾದ್ದಲ್ಲ. ಮರದರಿಶಿನದ ಬರ್ಬೆರಿನ್ ಇನ್ನೊಂದು ಥರ, ಬ್ಯಾಕ್ಟೀರಿಯಾ ಅದನ್ನ ಸುಲಭವಾಗಿ ಹೀರಿಕೊಳ್ಳೋ ರೂಪಕ್ಕೆ ಬದಲಾಯ್ಸುತ್ತೆ, ಅದೇ ಬರ್ಬೆರಿನ್ ಕೆಲವು ಬ್ಯಾಕ್ಟೀರಿಯಾನ ಕೊಲ್ಲೋದೂ ಉಂಟು!

ಈಗ ನಿಮ್ಮ ವಿಷಯ. ಆಂಟಿಬಯಾಟಿಕ್ ಕರುಳಿನ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ, ಹಾಗಾಗಿ ಇತ್ತೀಚೆಗೆ ತಗೊಂಡಿದ್ರೆ ಅದು ಕಾರಣ ಇರಬಹುದು. ಆದ್ರೆ ಪ್ರಶ್ನೆ ಕೆಳಗೆ ನೀವೇ ಬರ್ದಿದೀರಲ್ಲ, ಹೆಂಡತಿ ರಾತ್ರಿ ಕುಡೀತಾರೆ, ನೀವು ಬೆಳಗ್ಗೆ 8ಕ್ಕೆ ಕುಡಿದು 11ರವರೆಗೆ ಕಾದು ಆಫೀಸಿಗೆ ಹೊರಡ್ತೀರಿ ಅಂತ. ಎಲೆ ದೊಡ್ಡ ಕರುಳು ಮುಟ್ಟಿ ಅಲ್ಲಿ ತಯಾರಾಗೋಕೆ 6ರಿಂದ 12 ಗಂಟೆ ಬೇಕು ಸ್ವಾಮಿ. ಡೋಸ್ ಏರಿಸಿದ್ರೆ ಹೊಟ್ಟೆ ನುಲಿಯೋದು ಗ್ಯಾರಂಟಿ, ಅದೂ ಆಫೀಸಲ್ಲಿ. ಅಷ್ಟೇ ಅಳತೆ ರಾತ್ರಿ ಮಲಗೋ ಮುಂಚೆ ಕುಡಿದು ನೋಡಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಡಾಕ್ಟರ್‌ಗೆ ತೋರ್ಸಿ, ಎಲೆ ಕುಡಿದಿದ್ದನ್ನ ಮರೀದೆ ಹೇಳಿ.