ಅಮ್ಮ ಅಳುತ್ತಿರುವ ಆ ಚಿತ್ರವನ್ನು ತೂಗುಹಾಕಲೇ?

ಪ್ರಶ್ನೆ: ನನಗೆ 27 ವರ್ಷ. ಮುಂದಿನ ತಿಂಗಳು ಇಲ್ಲಿನ ಸಣ್ಣ ಗ್ಯಾಲರಿಯಲ್ಲಿ ನನ್ನ ಮೊದಲ ಚಿತ್ರಪ್ರದರ್ಶನ. ಎಲ್ಲವೂ ಬಾಲ್ಯದ ನೆನಪುಗಳು. ಒಂದು ಚಿತ್ರದಲ್ಲಿ, ಅಪ್ಪ ಜಗಳವಾಡಿ ಹೊರಟುಹೋದ ರಾತ್ರಿ ಅಮ್ಮ ನೆಲದ ಮೇಲೆ ಕೂತು ಅಳುತ್ತಿದ್ದಾರೆ. ನಾನು ಬರೆದಿದ್ದರಲ್ಲಿ ಅದೇ ಚೆನ್ನಾಗಿರುವುದು. ಫೋನಿನಲ್ಲಿ ನೋಡಿದ ಅಕ್ಕ, 'ಅಮ್ಮ ಅವತ್ತು ಅಳಲೇ ಇಲ್ಲ, ಮನೆ ವಿಷಯ ಬೀದಿಗೆ ತರಬೇಡ' ಎಂದು ಸಿಟ್ಟಾಗಿದ್ದಾಳೆ. ಅಪ್ಪ ಈಗ ತುಂಬಾ ಬದಲಾಗಿದ್ದಾರೆ. ಅವರಾಗಲಿ ಅಮ್ಮನಾಗಲಿ ಚಿತ್ರ ನೋಡಿಲ್ಲ. ಅದನ್ನು ಬಿಟ್ಟರೆ ಪ್ರದರ್ಶನವೇ ಪೊಳ್ಳು ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಅಕ್ಕ ಸುಳ್ಳು ಹೇಳುತ್ತಿಲ್ಲ. ನೀವೂ ಹೇಳುತ್ತಿಲ್ಲ. ಓದಿದ ಕಥೆಯನ್ನು ಜನ ಮತ್ತೆ ಮತ್ತೆ ನೆನಪಿನಿಂದ ಹೇಳುವಾಗ ಹೇಗೆ ಬದಲಾಯಿಸಿಬಿಡುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ವಿವರಿಸಿದ್ದರು. ಒಂದಿಷ್ಟು ಬಿಟ್ಟುಹೋಗುತ್ತದೆ, ಉಳಿದದ್ದು ಅವರವರಿಗೆ ಅರ್ಥವಾಗುವ ಹಾಗೆ ತಿರುಗುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ರಾತ್ರಿಗಳು ನೆನಪಿರುವುದು ಸಹಜ. ಚಿತ್ರಕಾರ ಮಾರ್ಕ್ ಶಗಾಲ್ 1911ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ತನ್ನೂರು ವಿಟೆಬ್ಸ್ಕ್‌ನ ನೆನಪನ್ನು ಬರೆದಾಗ, ಅದರಲ್ಲಿ ಗಂಡಸಿನ ಮುಖ ಹಸಿರು, ಒಬ್ಬ ಹೆಂಗಸು ತಲೆಕೆಳಗು. ಹಾಗಾಗಿ 'ನಿಜವಾಗಿ ಅತ್ತರೇ' ಎಂಬ ಪ್ರಶ್ನೆಗೆ ನಿದ್ದೆಗೆಡಬೇಡಿ.

ಆದರೆ ಅಕ್ಕನ ಎರಡನೇ ಮಾತನ್ನು ಹಾಗೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಾಲ್ಯದ ನೋವನ್ನು ಕಲೆಯಾಗಿಸಿದವರು ಎಂದರೆ ಶಿಲ್ಪಿ ಲೂಯೀಸ್ ಬುರ್ಜ್ವಾ ನೆನಪಾಗುತ್ತಾರೆ. ಮನೆಪಾಠ ಹೇಳುತ್ತಿದ್ದ ಹೆಣ್ಣುಮಗಳೊಂದಿಗೆ ತಂದೆಗಿದ್ದ ಸಂಬಂಧವನ್ನು ಅವರು 1982ರಲ್ಲಿ ಬಹಿರಂಗವಾಗಿ ಬರೆದರು. ಅಷ್ಟು ಹೊತ್ತಿಗೆ ತಾಯಿ ತೀರಿಕೊಂಡು 50 ವರ್ಷವಾಗಿತ್ತು, ತಂದೆ ತೀರಿಕೊಂಡು 31. ನಿಮ್ಮ ಅಮ್ಮ ಬದುಕಿದ್ದಾರೆ. ಪ್ರದರ್ಶನಕ್ಕೆ ಬಂದು, ಗುರುತಿನವರ ಮಧ್ಯೆ ನಿಂತು, ಅಳುತ್ತಿರುವ ತಮ್ಮನ್ನೇ ತಾವು ನೋಡಬೇಕಾಗುತ್ತದೆ. ಅವರಿಗೆ ಅದು ಅಲ್ಲಿ, ಹಾಗೆ ಗೊತ್ತಾಗಬಾರದು.

ಅದಕ್ಕೇ ಮೊದಲು ಅಮ್ಮನಿಗೆ ತೋರಿಸಿ. ಫೋನಿನಲ್ಲಿ ಬೇಡ, ಮೂಲ ಚಿತ್ರವನ್ನೇ. ಅಕ್ಕ ಜೊತೆಯಲ್ಲಿ ಇಲ್ಲದಾಗ. ತೋರಿಸಿದ ಕೂಡಲೇ 'ಹಾಕಲಾ?' ಎಂದು ಕೇಳಬೇಡಿ, ಸುಮ್ನೆ ನೋಡಲು ಬಿಡಿ. ಅವರು ಏನೂ ಹೇಳದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಎರಡು ದಿನ ಬಿಟ್ಟು ಕೇಳಿ.

ಬೇಡ ಅಂದರೆ? ಈ ಸಲ ಹಾಕಬೇಡಿ. ಕಲಾವಿದರು ಯಾರಿಗೂ ಅಂಜಬಾರದು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನೆನಪು ನಿಮ್ಮದು, ಆದರೆ ಆ ಮುಖ ಅಮ್ಮನದೂ ಹೌದು. ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಯಾರನ್ನೋ ಸಮಾಧಾನ ಮಾಡಲು ಅಮ್ಮನ ಮುಖವನ್ನು ಮಾತ್ರ ತಿದ್ದಬೇಡಿ. ಇದ್ದ ಹಾಗೇ ಇಟ್ಟುಕೊಳ್ಳಿ. ಆ ರಾತ್ರಿಯೇ ಬೇಕು ಅನ್ನಿಸಿದರೆ ಬೇರೆ ಕಡೆಯಿಂದ ಬರೆಯಿರಿ: ನೀವು ಆಗ ಎಲ್ಲಿ ನಿಂತಿದ್ದಿರಿ? ಬಾಗಿಲ ಹಿಂದೆಯಾ, ಹಾಸಿಗೆಯಲ್ಲಾ? ಆ ಮಗು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ ನೋಡಿ. ಒಂದು ಚಿತ್ರ ತೆಗೆದರೆ ಉಳಿದವು ಪೊಳ್ಳು ಅನ್ನಿಸುವುದಕ್ಕೂ ಇದೇ ಕಾರಣ ಇರಬಹುದು.

ಅಮ್ಮ ಹೂಂ ಅಂದರೆ ಅಪ್ಪನಿಗೂ ಮೊದಲೇ ಹೇಳಿ. ಆ ಕೆಲಸವನ್ನು ಅಮ್ಮನ ತಲೆಗೆ ಕಟ್ಟಬೇಡಿ. ಶೀರ್ಷಿಕೆಯಲ್ಲಿ 'ಅಪ್ಪ', 'ಅಮ್ಮ' ಬೇಡ, ಪಕ್ಕದ ಟಿಪ್ಪಣಿಯಲ್ಲಿ ಜಗಳದ ವಿವರವೂ ಬೇಡ. ನೋಡಲು ಬಂದವರು ಫೋಟೊ ತೆಗೆದು ಹಂಚುತ್ತಾರೆ, ಬಣ್ಣಕ್ಕಿಂತ ಆ ನಾಲ್ಕು ಸಾಲೇ ಜಾಸ್ತಿ ಓಡಾಡುತ್ತವೆ. ಮಾರುವ ಮನಸ್ಸಿಲ್ಲದಿದ್ದರೆ 'ಮಾರಾಟಕ್ಕಿಲ್ಲ' ಎಂದು ಬರೆಸಿ.

ಗ್ಯಾಲರಿಯವರಿಗೆ ಇವತ್ತೇ ಒಂದು ಮಾತು ಹೇಳಿಡಿ: ಒಂದು ಚಿತ್ರ ಇನ್ನೂ ತೀರ್ಮಾನವಾಗಿಲ್ಲ, ಪಟ್ಟಿ ಯಾವತ್ತು ಕೊಡಬೇಕು ಅಂತ. ಆ ತಾರೀಖಿಗೆ ಒಂದು ವಾರ ಮೊದಲಾದರೂ ಅಮ್ಮನ ಜೊತೆ ಕೂತು ಮಾತಾಡಿ.