ಟೈಫಾಯ್ಡ್ ಬಂದು ಹೋದವರಿಗೂ ಲಸಿಕೆ ಬೇಕೆ?

ಪ್ರಶ್ನೆ: ಬರುವ ತಿಂಗಳು ಅಣ್ಣನ ಮನೆಗೆಂದು ಕೆನ್ಯಾದ ನೈರೋಬಿಗೆ ಹೊರಟಿದ್ದೇನೆ. ಚಿಕ್ಕಂದಿನಲ್ಲಿ ನನಗೆ ಟೈಫಾಯ್ಡ್ ಬಂದಿತ್ತು. ಆದರೂ ಅದರ ಲಸಿಕೆ ಹಾಕಿಸಿಕೊಳ್ಳಬೇಕೆ?
– ಓದುಗರೊಬ್ಬರು, ಡೊಂಬಿವಲಿ, ಮುಂಬಯಿ

ಉತ್ತರ: ಖಂಡಿತ ಹಾಕಿಸಿಕೊಳ್ಳಿ. ಒಮ್ಮೆ ಬಂದು ಹೋದ ಟೈಫಾಯ್ಡ್ ಜೀವನಪೂರ್ತಿ ರಕ್ಷಣೆ ಕೊಡುವುದಿಲ್ಲ. ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ ಕಲುಷಿತ ನೀರು ಮತ್ತು ಆಹಾರದ ಮೂಲಕ ಮತ್ತೆ ದೇಹವನ್ನು ಸೇರಬಹುದು. ಚುಚ್ಚುಮದ್ದಿನ ರೂಪದಲ್ಲಿ ಸಿಗುವ ಲಸಿಕೆಗಳಲ್ಲಿ ಹಳೆಯದಾದ ವಿಐ ಪಾಲಿಸ್ಯಾಕರೈಡ್ ಲಸಿಕೆಯ ರಕ್ಷಣೆ ಎರಡು ಮೂರು ವರ್ಷಗಳಲ್ಲಿ ಕುಗ್ಗುತ್ತದೆ, ಹೊಸದಾದ ಕಾಂಜುಗೇಟ್ ಲಸಿಕೆಯ ರಕ್ಷಣೆ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ನಿಮ್ಮ ವಯಸ್ಸಿಗೆ ಯಾವುದು ಸೂಕ್ತವೆಂಬುದನ್ನು ನಿಮ್ಮ ವೈದ್ಯರೇ ನಿರ್ಧರಿಸಲಿ. ದೇಹದಲ್ಲಿ ಪ್ರತಿರೋಧ ಬೆಳೆಯಲು ಸಮಯ ಬೇಕಾಗುವುದರಿಂದ, ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಒಂದು ಡೋಸ್ ಪಡೆದಿರಬೇಕು; ಪ್ರಯಾಣದ ಗಡಿಬಿಡಿಯಲ್ಲಿ ಅನೇಕರು ಮರೆಯುವುದು ಇದನ್ನೇ.

ಯಾವ ಲಸಿಕೆಯೂ ನೂರಕ್ಕೆ ನೂರು ರಕ್ಷಣೆ ನೀಡದು, ಟೈಫಾಯ್ಡ್ ಅನ್ನೇ ಹೋಲುವ ಪ್ಯಾರಾಟೈಫಾಯ್ಡ್ ಜ್ವರವನ್ನಂತೂ ಇವು ತಡೆಯುವುದಿಲ್ಲ. ಆದ್ದರಿಂದ ಅಲ್ಲಿ ಕುದಿಸಿದ ನೀರನ್ನೇ ಕುಡಿಯಿರಿ, ಹಸಿ ಸಲಾಡ್ ಮತ್ತು ಐಸ್ ಬೇಡ. ಮರಳಿದ ಮೇಲೆ ಜ್ವರ ಬಂದು ಬಿಡದಿದ್ದರೆ, ಪ್ರವಾಸದ ವಿಷಯವನ್ನು ವೈದ್ಯರಿಗೆ ತಿಳಿಸಿ ರಕ್ತದ ಕಲ್ಚರ್ ಪರೀಕ್ಷೆಯ (ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಬಗ್ಗೆ ಕೇಳಿ.

ಕೆನ್ಯಾದಿಂದ ಭಾರತಕ್ಕೆ ಮರಳುವವರಲ್ಲಿ ಸೊಳ್ಳೆಯಿಂದ ಹರಡುವ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆಯ ಪ್ರಮಾಣಪತ್ರವೂ ಇರಬೇಕು. ಅದು ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಮಾನ್ಯವಾಗುತ್ತದೆ. ಅಧಿಕೃತ ಕೇಂದ್ರದಲ್ಲಿ ಈಗಲೇ ಸಮಯ ಗೊತ್ತುಮಾಡಿಕೊಳ್ಳಿ.