‘ಟರ್ನ್ ಆಫ್ ಇಟ್’ ಏಕೆ ತಪ್ಪು, ‘ಲುಕ್ ಅಟ್ ಇಟ್’ ಏಕೆ ಸರಿ?

ತಾವು ಕೇಳಿರುವುದು ಇಷ್ಟು: ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’ ಎರಡನ್ನೂ ಒಪ್ಪುವ ಇಂಗ್ಲಿಷ್, ಫ್ಯಾನಿನ ಜಾಗಕ್ಕೆ ‘ಇಟ್’ ಬಂದ ಕೂಡಲೇ ‘ಟರ್ನ್ ಇಟ್ ಆಫ್’ ಒಂದನ್ನೇ ಸರಿ ಎನ್ನುವುದು ಏಕೆ, ಮತ್ತು ಹಾಗಿರುವಾಗ ‘ಲುಕ್ ಅಟ್ ಇಟ್’ ಹೇಗೆ ಸರಿಯಾಯಿತು? ದಾವಣಗೆರೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅವರು ಓದುವ ಗೈಡುಗಳು ನಿಯಮವನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತವೆ. ಕಾರಣ ತಿಳಿದುಕೊಂಡರೆ ಬಾಯಿಪಾಠದ ಹೊರೆ ಬಹಳಷ್ಟು ಇಳಿಯುತ್ತದೆಯಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಇಂಗ್ಲಿಷ್ ವಾಕ್ಯದ ಕೊನೆಯು ಸಾಮಾನ್ಯವಾಗಿ ಒತ್ತು ಬೀಳುವ ಜಾಗ. ಕೇಳುವವರಿಗೆ ಹೊಸದಾದದ್ದನ್ನು, ತೂಕವಿರುವುದನ್ನು ಅಲ್ಲಿ ಇಡುವುದು ಆ ಭಾಷೆಯ ರೂಢಿ. ‘ಇಟ್’, ‘ಹಿಮ್’, ‘ದೆಮ್’ ಮೊದಲಾದ ಸರ್ವನಾಮಗಳಾದರೋ ಆಗಲೇ ಪ್ರಸ್ತಾಪಕ್ಕೆ ಬಂದುಹೋದದ್ದನ್ನು ಸೂಚಿಸುವ ಹಗುರವಾದ ಪದಗಳು. ಅವುಗಳ ಮೇಲೆ ಒತ್ತು ಬೀಳುವುದಿಲ್ಲ, ಕೊನೆಯ ಜಾಗ ಅವುಗಳಿಗೆ ಒಗ್ಗುವುದೂ ಇಲ್ಲ. ‘ಆಫ್’, ‘ಅಪ್’, ‘ಅವೇ’ ಮುಂತಾದ ಕ್ರಿಯಾವಿಶೇಷಣಗಳಿಗೆ ಅರ್ಥದ ತೂಕವೂ ಇದೆ, ಒತ್ತೂ ಇದೆ. ಆದ್ದರಿಂದ ಸರ್ವನಾಮವು ಕ್ರಿಯಾಪದಕ್ಕೆ ಅಂಟಿಕೊಂಡು ಒಳಗೆ ಸರಿಯುತ್ತದೆ, ಕ್ರಿಯಾವಿಶೇಷಣವು ಕೊನೆಯಲ್ಲಿ ನಿಲ್ಲುತ್ತದೆ. ‘ಪಿಕ್ ಇಟ್ ಅಪ್’ ಎಂಬುದನ್ನು ಇಂಗ್ಲಿಷಿನವರು ಆಡುವಾಗ ಕಿವಿಗೊಟ್ಟು ಕೇಳಿ: ಅದು ‘ಪಿಕಿಟಪ್’ ಎಂದು ಒಂದೇ ಪದದಂತೆ ಕೇಳಿಸುತ್ತದೆ, ನಡುವಿನ ‘ಇಟ್’ ಕರಗಿ ಹೋಗಿರುತ್ತದೆ, ‘ಅಪ್’ ಮಾತ್ರ ಗಟ್ಟಿಯಾಗಿ ಬೀಳುತ್ತದೆ. ತರಗತಿಯಲ್ಲಿ ನಾನು ಇದನ್ನು ಮೇಜು ಕುಟ್ಟಿ ತೋರಿಸುತ್ತೇನೆ. ‘ಪಿಕ್ ಅಪ್ ಇಟ್’ ಎಂದು ಹೇಳುತ್ತ ಕುಟ್ಟಲು ಹೊರಟವರಿಗೆ ಕೊನೆಯ ಪೆಟ್ಟನ್ನು ಎಲ್ಲಿ ಹಾಕಬೇಕೆಂದೇ ತೋಚುವುದಿಲ್ಲ.

ಇದೇ ಸ್ವಭಾವ ಬೇರೊಂದು ಕಡೆಯಲ್ಲೂ ಕಾಣುತ್ತದೆ, ಅದನ್ನು ಗೈಡುಗಳು ಇದರೊಂದಿಗೆ ಸೇರಿಸಿ ಹೇಳದಿರುವುದು ನನಗೆ ಆಶ್ಚರ್ಯ. ನಿಲ್ದಾಣದಲ್ಲಿ ಹರಿಹರದ ಬಸ್ಸಿಗೆ ಕಾಯುತ್ತಿರುವವರು ಬಸ್ಸು ತಿರುವಿನಲ್ಲಿ ಕಂಡಾಗ ‘ಹಿಯರ್ ಕಮ್ಸ್ ದ ಬಸ್’ ಎನ್ನಬಹುದು. ಅದೇ ಬಸ್ಸನ್ನು ಸರ್ವನಾಮದಿಂದ ಹೇಳುವುದಾದರೆ ‘ಹಿಯರ್ ಇಟ್ ಕಮ್ಸ್’ ಎಂದೇ ಆಗಬೇಕು, ‘ಹಿಯರ್ ಕಮ್ಸ್ ಇಟ್’ ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ಸರ್ವನಾಮವು ಕರ್ಮವಲ್ಲ, ಕರ್ತೃ; ಆದರೂ ಕೊನೆಯ ಜಾಗ ಅದಕ್ಕೆ ಸಿಗಲಿಲ್ಲ.

ನಾವು ಕನ್ನಡಿಗರು ಇಲ್ಲಿ ಎಡವುವುದಕ್ಕೆ ನಮ್ಮದೇ ಆದ ಕಾರಣವೂ ಇದೆ. ‘ಎತ್ತಿಕೋ’, ‘ಆರಿಸಿಬಿಡು’, ‘ಬಿಸಾಡಿಬಿಡು’ ಇಂಥ ಕ್ರಿಯಾಪದಗಳ ಎರಡು ಭಾಗಗಳ ನಡುವೆ ನಾವು ‘ಅದನ್ನು’ ಎಂಬುದನ್ನು ತೂರಿಸುವುದಿಲ್ಲ. ‘ಅದನ್ನು ಆರಿಸಿಬಿಡು’ ಎನ್ನುತ್ತೇವೆಯೇ ಹೊರತು ‘ಆರಿಸಿ ಅದನ್ನು ಬಿಡು’ ಎನ್ನುವುದಿಲ್ಲ. ‘ಟರ್ನ್ ಆಫ್’ ಕೂಡ ಹಾಗೆಯೇ ಒಡೆಯಬಾರದ ಒಂದು ಘಟಕವೆಂದು ಮನಸ್ಸು ಲೆಕ್ಕ ಹಾಕಿ, ‘ಇಟ್’ ಅನ್ನು ಹೊರಗೆ ತಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಎರಡು ಭಾಗಗಳು ಅರ್ಥದಲ್ಲಿ ಒಂದಾಗಿದ್ದರೂ ಜಾಗದಲ್ಲಿ ಬೇರೆಯಾಗಬಲ್ಲವು.

ಇನ್ನು ‘ಲುಕ್ ಅಟ್ ಇಟ್’ ವಿಚಾರ. ಇಲ್ಲಿನ ‘ಅಟ್’ ಕ್ರಿಯಾವಿಶೇಷಣವಲ್ಲ, ಪ್ರಿಪೊಸಿಷನ್. ಪ್ರಿಪೊಸಿಷನ್ ತನ್ನ ನಾಮಪದಕ್ಕಿಂತ ಅಥವಾ ಸರ್ವನಾಮಕ್ಕಿಂತ ಮೊದಲೇ ಬರಬೇಕಾದ ಪದ. ಅದನ್ನು ಹಿಂದಕ್ಕೆ ಎಸೆಯಲು ಬರುವುದಿಲ್ಲ. ತೊಂದರೆ ಎಂದರೆ ‘ಅಪ್’, ‘ಆಫ್’, ‘ಆನ್’, ‘ಓವರ್’ ಮುಂತಾದವು ಕೆಲವೊಮ್ಮೆ ಕ್ರಿಯಾವಿಶೇಷಣವಾಗಿಯೂ ಕೆಲವೊಮ್ಮೆ ಪ್ರಿಪೊಸಿಷನ್ ಆಗಿಯೂ ಬರುತ್ತವೆ. ಚಿತ್ರದುರ್ಗದ ಜೋಗಿಮಟ್ಟಿಯನ್ನು ಓಡುತ್ತ ಹತ್ತಿದ ಹುಡುಗ ‘ಐ ರ‍್ಯಾನ್ ಅಪ್ ದ ಹಿಲ್’ ಎನ್ನುತ್ತಾನೆ. ಖಾನಾವಳಿಯಲ್ಲಿ ಲೆಕ್ಕ ಬರೆಸುತ್ತ ಬಾಕಿ ಏರಿಸಿಕೊಂಡವನು ‘ಐ ರ‍್ಯಾನ್ ಅಪ್ ಎ ಬಿಲ್’ ಎನ್ನುತ್ತಾನೆ. ಹೊರನೋಟಕ್ಕೆ ಎರಡೂ ಒಂದೇ ಅಚ್ಚಿನವು. ಸರ್ವನಾಮ ಹಾಕಿದಾಗ ಮಾತ್ರ ಬಣ್ಣ ಬಯಲಾಗುತ್ತದೆ: ಬೆಟ್ಟಕ್ಕೆ ‘ಐ ರ‍್ಯಾನ್ ಅಪ್ ಇಟ್’, ಬಾಕಿಗೆ ‘ಐ ರ‍್ಯಾನ್ ಇಟ್ ಅಪ್’. ಗುರುತಿಸುವ ಬಗೆ ಸುಲಭ. ಸರ್ವನಾಮದ ಬದಲು ಪೂರ್ಣ ನಾಮಪದ ಇಟ್ಟು, ಆ ಪುಟ್ಟ ಪದವನ್ನು ಅದರ ಹಿಂದಕ್ಕೆ ಸರಿಸಿ ನೋಡಿ. ‘ಲುಕ್ ದ ವರ್ಡ್ ಅಪ್’ ನಿಲ್ಲುತ್ತದೆ, ಆದ್ದರಿಂದ ‘ಲುಕ್ ಇಟ್ ಅಪ್’. ‘ಲುಕ್ ದ ವರ್ಡ್ ಅಟ್’ ನಿಲ್ಲುವುದಿಲ್ಲ, ಆದ್ದರಿಂದ ‘ಲುಕ್ ಅಟ್ ಇಟ್’. ‘ಲುಕ್ ಆಫ್ಟರ್ ಹರ್’, ‘ವೇಟ್ ಫಾರ್ ದೆಮ್’ ಇವೆಲ್ಲ ಎರಡನೆಯ ಗುಂಪಿನವು. ‘ಪುಟ್ ಅಪ್ ವಿತ್ ಇಟ್’ ಎಂಬಂಥ ಮೂರು ಪದಗಳ ಕೂಟದಲ್ಲಿ ಕೊನೆಯ ‘ವಿತ್’ ಪ್ರಿಪೊಸಿಷನ್ ಆಗಿರುವುದರಿಂದ ಸರ್ವನಾಮ ಅದರ ನಂತರವೇ ಬರುತ್ತದೆ; ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದಿಲ್ಲ.

ನಿಘಂಟು ನೋಡುವ ಅಭ್ಯಾಸ ತಮಗಿದ್ದರೆ ಆಕ್ಸ್‌ಫರ್ಡಿನ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯಲ್ಲಿ ಇಂಥ ಕ್ರಿಯಾಪದಗಳ ಜೊತೆ ಎಡಬಲ ಎರಡೂ ಕಡೆ ಮೊನೆಯಿರುವ ಪುಟ್ಟ ಬಾಣವೊಂದನ್ನು ಗಮನಿಸಿ. ಕರ್ಮವು ಕ್ರಿಯಾವಿಶೇಷಣದ ಯಾವ ಬದಿಗಾದರೂ ಬರಬಹುದೆಂದು ಅದರ ಅರ್ಥ. ಬಾಣ ಕಂಡಲ್ಲೆಲ್ಲ ಸರ್ವನಾಮ ನಡುವೆ ಬರುತ್ತದೆ ಎಂದು ತಿಳಿಯಿರಿ.

‘ವೆಲ್’, ‘ಕೇರ್‌ಫುಲಿ’, ‘ವೆರಿ ಮಚ್’ ಮೊದಲಾದ ರೀತಿಸೂಚಕಗಳಲ್ಲೂ ಇದೇ ತರ್ಕ ನಡೆಯುತ್ತದೆ. ‘ನನಗೆ ಬೆಣ್ಣೆ ದೋಸೆ ತುಂಬ ಇಷ್ಟ’ ಎನ್ನುವುದಕ್ಕೆ ನಮ್ಮ ಊರಿನ ಉತ್ತರಪತ್ರಿಕೆಗಳಲ್ಲಿ ‘ಐ ಲೈಕ್ ವೆರಿ ಮಚ್ ಬೆಣ್ಣೆ ದೋಸೆ’ ಎಂಬ ಅನುವಾದ ಧಾರಾಳವಾಗಿ ಸಿಗುತ್ತದೆ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಇಂಥ ರೀತಿಸೂಚಕವನ್ನು ತಂದು ನಿಲ್ಲಿಸುವುದನ್ನು ಇಂಗ್ಲಿಷ್ ಸಹಿಸುವುದಿಲ್ಲ. ಕರ್ಮ ಮೊದಲು, ಅದರ ನಂತರ ‘ವೆರಿ ಮಚ್’. ಕರ್ಮವು ಬಹಳ ಉದ್ದವಾಗಿದ್ದರೆ ಮಾತ್ರ ವಿನಾಯಿತಿ ಉಂಟು: ‘ಶಿ ರೆಡ್ ಕೇರ್‌ಫುಲಿ ಎವ್ರಿ ಲೆಟರ್ ದಟ್ ಕೇಮ್ ಫ್ರಮ್ ದ ಬ್ಯಾಂಕ್’ ಎನ್ನಬಹುದು, ಏಕೆಂದರೆ ತೂಕದ ಭಾಗ ಕೊನೆಗೆ ಹೋಯಿತು. ಅದನ್ನೇ ‘ದೆಮ್’ ಎಂದು ಕಿರಿದು ಮಾಡಿದ ಕೂಡಲೇ ‘ಶಿ ರೆಡ್ ದೆಮ್ ಕೇರ್‌ಫುಲಿ’ ಎಂದೇ ಬರೆಯಬೇಕಾಗುತ್ತದೆ.

‘ಆಲ್ವೇಸ್’, ‘ಆಫನ್’ ಇವುಗಳ ದಾರಿ ಬೇರೆ. ಅವು ಮುಖ್ಯ ಕ್ರಿಯಾಪದದ ಮುಂದೆ ಬರುತ್ತವೆ, ‘ಈಸ್’, ‘ವಾಸ್’ ಇದ್ದರೆ ಅವುಗಳ ನಂತರ ಬರುತ್ತವೆ: ‘ಹಿ ಆಲ್ವೇಸ್ ಕಮ್ಸ್ ಲೇಟ್’, ‘ಹಿ ಈಸ್ ಆಲ್ವೇಸ್ ಲೇಟ್’. ಅದನ್ನು ಈ ಚರ್ಚೆಯೊಡನೆ ಬೆರೆಸದಿರುವುದು ಒಳ್ಳೆಯದು.

ಕೊನೆಗೆ, ಸರ್ವನಾಮದ ಮೇಲೆಯೇ ಬೇಕೆಂದು ಒತ್ತು ಹಾಕುವ ಸಂದರ್ಭವೊಂದಿದೆ. ಕಾರು ಕಳಿಸುವವರು ‘ಪಿಕ್ ಅಪ್ ಹಿಮ್, ನಾಟ್ ಮಿ’ ಎಂದು ‘ಹಿಮ್’ ಅನ್ನು ಒತ್ತಿ ಹೇಳಿದರೆ ಕಿವಿಗೆ ಅಷ್ಟೇನೂ ಕಟುವಾಗುವುದಿಲ್ಲ, ಏಕೆಂದರೆ ಆಗ ಆ ಸರ್ವನಾಮ ಹಗುರವಾಗಿ ಉಳಿದಿರುವುದಿಲ್ಲ. ಆದರೆ ತಪ್ಪು ಹುಡುಕುವ ಪರೀಕ್ಷಾ ಪ್ರಶ್ನೆಯಲ್ಲಿ ಒತ್ತು ಕೇಳಿಸುವುದಿಲ್ಲವಾದ್ದರಿಂದ, ಅಲ್ಲಿ ‘ಪಿಕ್ ಅಪ್ ಹಿಮ್’ ಕಂಡರೆ ತಾವು ಅದನ್ನು ತಪ್ಪೆಂದೇ ಗುರುತಿಸಬೇಕು.